ಹೆರೋದನ ತುಟಿ, ಕುಸ್ತೋದನ ದನಿ

ಆಂಬೆಭಾಟ್ ಇಗರ್ಜಿಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಕ್ರಿಸ್‌ಮಸ್ ಸಿನಿಮಾದ ಪಾತ್ರಪಟ್ಟಿಯನ್ನು ಕುಸ್ತೋದ್ ಮೂರು ಸಲ ಓದಿದ. ಮೊದಲ ಸಲ ಕನ್ನಡಕ ಹಾಕಿಕೊಂಡು, ಎರಡನೆಯ ಸಲ ಕನ್ನಡಕ ಒರೆಸಿಕೊಂಡು, ಮೂರನೆಯ ಸಲ ಕೆಳಗಿನಿಂದ ಮೇಲಕ್ಕೆ. ಹೆರೋದ ರಾಜನಾಗಿ ಪಾವ್ ಭಟ್ಟಿಯ ರೊಮುವಾಲ್ದ್. ಮರಿಯಮ್ಮನಾಗಿ ಬಾಲವಾಡಿ ಟೀಚರ್ ಬೆನಿತಾ. ಬಾಲಯೇಸುವಾಗಿ ಬೆನಿತಾಳ ಆರು ತಿಂಗಳ ಮಗಳು. ರಟ್ಟಿನ ಒಂಟೆಯ ತಲೆ ಹಿಡಿಯುವವರ ಹೆಸರಿತ್ತು. ಊರಲ್ಲಿ ಕತ್ತೆ ಸಿಗದೆ ಆ ಪಾತ್ರಕ್ಕೆ ಒಪ್ಪಿಸಿದ್ದ ಎಮ್ಮೆಯ ಹೆಸರು ಕೂಡ ಇತ್ತು. ಕುಸ್ತೋದನ ಹೆಸರು ಇರಲಿಲ್ಲ.

ಹೆಸರಿನಲ್ಲಿ ಕುಸ್ತಿ ಇದ್ದರೂ ಅವನು ಯಾರೊಂದಿಗೂ ಜಗಳಕ್ಕೆ ನಿಲ್ಲುವ ಆಸಾಮಿಯಲ್ಲ. ಅರವತ್ತು ದಾಟಿದ ದರ್ಜಿ. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ, ಊರಲ್ಲಿ ತಿಯಾತ್ರ್ ನಾಟಕವಿದ್ದ ದಿನ ಪರದೆಯ ಮಗ್ಗುಲಲ್ಲಿ. ನಲವತ್ತೊಂದು ವರ್ಷದಿಂದ ಅವನೇ ಆಂಬೆಭಾಟಿನ ಪ್ರಾಂಪ್ಟರ್. ಗೋವಾದ ಬೇರೆ ಊರುಗಳ ಕತೆ ಬೇರೆ ಇರಬಹುದು, ಆಂಬೆಭಾಟಿನ ನಟರು ಮಾತನ್ನು ಬಾಯಿಪಾಠ ಮಾಡುವುದು ತಮ್ಮ ಘನತೆಗೆ ಕಡಿಮೆ ಎಂದು ತಿಳಿದವರು. ಮಗ್ಗುಲಿಂದ ಮಾತು ಎತ್ತಿಕೊಡಲು ಕುಸ್ತೋದ್ ಇದ್ದಾನಲ್ಲ, ಮತ್ತೇಕೆ ತಲೆಬಿಸಿ. ಅವನ ಪಿಸುಮಾತಿಗೆ ಒಂದು ವಿಶೇಷವಿತ್ತು: ಹನ್ನೆರಡು ಅಡಿ ದೂರದ ನಟನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಹದಿನೈದು ಅಡಿ ದೂರದ ಮುಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಮಾತೊಂದೇ ಅಲ್ಲ, ಅಳು, ನಗು, ಕೈ ಎತ್ತು, ಮೂಗು ಕೆರೆಯಬೇಡ, ಎಲ್ಲವನ್ನೂ ಅವನೇ ಎತ್ತಿಕೊಡುತ್ತಿದ್ದ.

ರೊಮುವಾಲ್ದನಂತೂ ಕಿವಿಗೆ ಬಿದ್ದದ್ದನ್ನು ಸೋಸದೆ ಒಪ್ಪಿಸುವವನು. ಒಮ್ಮೆ ನ್ಯಾಯಾಧೀಶನ ಪಾತ್ರದಲ್ಲಿ ಕಟಕಟೆಯ ಕೊಲೆಗಾರನನ್ನು ದುರುಗುಟ್ಟಿ ನೋಡುತ್ತ, "ನಿನಗೆ ಗಲ್ಲು ಶಿಕ್ಷೆ ವಿಧಿಸಿದ್ದೇನೆ, ಬಲಗಡೆ ತಿರುಗು, ಪ್ಯಾಂಟಿನ ಗುಂಡಿ ಹಾಕ್ಕೋ" ಎಂದು ಗುಡುಗಿದ್ದ. ಜನ ವನ್ಸ್ ಮೋರ್ ಎಂದು ಕೂಗಿ ಅದನ್ನೇ ಮತ್ತೆರಡು ಸಲ ಗುಡುಗಿಸಿದ್ದರು.

ಕುಸ್ತೋದನೂ ಒಮ್ಮೆ ರಂಗದ ಮೇಲೆ ನಿಂತಿದ್ದ. ಹತ್ತೊಂಬತ್ತನೆಯ ವಯಸ್ಸು, ಅಂಚೆಯವನ ಪಾತ್ರ, ಒಂದೇ ಒಂದು ಮಾತು: ಬೊಂಬಾಯಿಯಿಂದ ತಂತಿ ಬಂದಿದೆ. ತಂತಿ ಕೈಯಲ್ಲಿತ್ತು, ಮಾತು ಬಾಯಲ್ಲಿರಲಿಲ್ಲ. ಆಗಿನ ಪ್ರಾಂಪ್ಟರ್ ಬೀಡಿ ಸೇದಲು ಹೊರಗೆ ಹೋಗಿದ್ದ. ಪರದೆ ಬೀಳುವವರೆಗೂ ಕುಸ್ತೋದ್ ತಂತಿ ಹಿಡಿದು ನಿಂತೇ ಇದ್ದ. ಜನ ಮೊದಲು ನಕ್ಕರು, ಆಮೇಲೆ ಸೀಟಿ ಹೊಡೆದರು, ಆಮೇಲೆ ಪಾಪ ಎಂದರು. ಆ ಪಾಪ ಎಂದದ್ದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ. ಮರುವರ್ಷ ತಾನೇ ಪರದೆಯ ಮಗ್ಗುಲಿಗೆ ಸೇರಿಕೊಂಡ. ಇನ್ನು ಈ ಊರಲ್ಲಿ ಯಾರೂ ಹಾಗೆ ಬಾಯಿ ಕಟ್ಟಿ ನಿಲ್ಲಬಾರದು ಎನ್ನುವುದು ಅವನ ಹಟ, ಮತ್ತು ಯಾರೂ ನಿಂತಿರಲಿಲ್ಲ. ಕರಪತ್ರದಲ್ಲಿ ಅವನ ಹೆಸರು ಒಮ್ಮೆಯೂ ಅಚ್ಚಾಗಿರಲಿಲ್ಲ, ಅದಕ್ಕೆ ಅವನಿಗೆ ಬೇಸರವೂ ಇರಲಿಲ್ಲ. ತಾನಿಲ್ಲದೆ ಆಗುವುದಿಲ್ಲ ಎನ್ನುವುದು ಊರಿಗೆ ಗೊತ್ತಿತ್ತು, ಅಷ್ಟು ಸಾಕಿತ್ತು. ಈಗ ಪಟ್ಟಿ ನೋಡಿದರೆ ಎಮ್ಮೆ ಬೇಕು, ಅವನು ಬೇಡ.

ಸಿನಿಮಾದ ಹುಚ್ಚು ಹತ್ತಿಸಿದವರು ಹೊಸದಾಗಿ ಬಂದ ಕಿರಿಯ ಪಾದ್ರಿ, ಫಾದರ್ ಎವರಿಸ್ತ್. ವರ್ಷವೂ ಅದೇ ನಾಟಕ ಯಾಕೆ, ಈ ಸಲ ಕ್ರಿಸ್‌ಮಸ್ ಕತೆಯನ್ನು ಸಿನಿಮಾ ಮಾಡೋಣ ಎಂದು ಪೂಜೆಯ ಕೊನೆಯಲ್ಲಿ ಸಾರಿದ್ದರು. ಸಿನಿಮಾ ಮಾಡುವುದು ಹೇಗೆ ಎಂಬ ವಿಡಿಯೊವನ್ನು ಅವರು ಫೋನಿನಲ್ಲಿ ಪೂರ್ತಿ ನೋಡಿದ್ದರು. ಕುಸ್ತೋದ್ ಅವರ ಕೋಣೆಯ ಬಾಗಿಲಲ್ಲಿ ನಿಂತು ಕೆಮ್ಮಿದ.

"ಫಾದರ್, ಪಟ್ಟಿಲಿ ಒಂದು ಹೆಸರು ಬಿಟ್ಟುಹೋಗಿದೆ ಅನ್ಸುತ್ತೆ."

"ಎಮ್ಮೆದಾ? ಸೇರಿಸಿದೀನಲ್ಲ."

"ಪ್ರಾಂಪ್ಟರ್‌ದು."

ಫಾದರ್ ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯ ನಗುವೇ. "ಕುಸ್ತೋದ್ ಬಾಬ್, ಇದು ಸಿನಿಮಾ. ಸಿನಿಮಾದಲ್ಲಿ ಪ್ರಾಂಪ್ಟರ್ ಇರಲ್ಲ. ಯಾರಾದ್ರೂ ಮರೆತ್ರೆ ಇನ್ನೊಂದ್ಸಲ ತೆಗೀತೀವಿ, ಅಷ್ಟೇ. ನೀವು ಬಟ್ಟೆ ಹೊಲಿದು ಕೊಡ್ತಿದೀರಲ್ಲ, ಅದೇ ದೊಡ್ಡ ಸೇವೆ."

ಮನೆಯಲ್ಲಿ ಹೆಂಡತಿ ಪಿಯೆದಾದ್ ಹಬ್ಬದ ಕುಲ್ಕುಲ್ ತಿಂಡಿ ಮಾಡಲು ಕೂತಿದ್ದಳು. ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿ ತಟ್ಟೆಗೆ ಹಾಕುತ್ತಿದ್ದಳು. ವಿಷಯ ಕೇಳಿ, "ಒಳ್ಳೇದೇ ಆಯ್ತು ಬಿಡು. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದ್ಸಲನಾದ್ರೂ ಹಬ್ಬದ ಕೆಲಸಕ್ಕೆ ಕೈ ಜೋಡ್ಸು" ಎಂದು ಬಾಚಣಿಗೆ ಕೊಟ್ಟಳು. ಅವನು ಸುತ್ತತೊಡಗಿದ. ಸ್ವಲ್ಪ ಹೊತ್ತಿಗೆ ಅವಳು ಕಿವಿ ನಿಮಿರಿಸಿದಳು.

"ಏನದು ಗೊಣಗ್ತಿರೋದು?"

"ಏನಿಲ್ಲ."

"ಬಲಗಡೆ ತಿರುಗು, ಬಗ್ಗು, ಹಾಗೇ ಇರು, ಅಂದ್ಯಲ್ಲ. ಕುಲ್ಕುಲ್‌ಗೂ ಎತ್ತಿಕೊಡ್ತೀಯಾ ಮಾರಾಯ?"

ಅವಳು ನಕ್ಕಳು, ಅವನು ನಗಲಿಲ್ಲ. ಅವಳೂ ಅಲ್ಲಿಗೇ ಬಿಟ್ಟಳು.

ಮೊದಲ ದಿನದ ಚಿತ್ರೀಕರಣ ಇಗರ್ಜಿಯ ಸಭಾಂಗಣದಲ್ಲಿ. ಮದುವೆಗೆ ಬಳಸುವ ಕೆಂಪು ಕುರ್ಚಿಯೇ ಹೆರೋದನ ಸಿಂಹಾಸನ, ಬಿಸ್ಕತ್ತಿನ ಡಬ್ಬ ಕತ್ತರಿಸಿದ್ದೇ ಕಿರೀಟ. ಸಿಂಹಾಸನದ ಕಾಲಬಳಿ ಒಂದು ಹೊರೆ ಒಣಹುಲ್ಲು. ಅರಮನೆಯಲ್ಲಿ ಹುಲ್ಲು ಯಾಕೆ ಎಂದು ಬೆನಿತಾ ಕೇಳಿದಳು. ಪ್ರತಿ ದೃಶ್ಯದಲ್ಲೂ ನಟರ ಹತ್ತಿರವೇ ಹುಲ್ಲು ಇರಬೇಕು, ಹುಲ್ಲಿದ್ದರೇನೇ ಬೆತ್ಲೆಹೇಮ್ ಅನ್ನಿಸುತ್ತೆ, ಅದನ್ನು ಯಾರೂ ಮುಟ್ಟಬೇಡಿ ಎಂದು ಫಾದರ್ ಕಟ್ಟುನಿಟ್ಟಾಗಿ ಹೇಳಿದರು.

"ಯಾರಲ್ಲಿ?" ಎಂದು ರೊಮುವಾಲ್ದ್ ಅಬ್ಬರಿಸಿದ. ಮೂವತ್ತು ವರ್ಷದ ಅಭ್ಯಾಸದಂತೆ ಎಡಗಿವಿಯನ್ನು ಸ್ವಲ್ಪ ಚಾಚಿ ಕಾದ. ಏನೂ ಬರಲಿಲ್ಲ. ಮತ್ತೆ ಯಾರಲ್ಲಿ ಎಂದ. ಹನ್ನೊಂದು ಸಲ ತೆಗೆದರು. ಹನ್ನೊಂದು ಸಲವೂ ಹೆರೋದ ರಾಜ ಕಿವಿ ಚಾಚಿ ಕಾದ. ಬೆನಿತಾ ದೇವದೂತನ ಮುಂದೆ ಮೊಣಕಾಲೂರಿ, ಹೇಳಬೇಕಾದದ್ದು ಮರೆತು, "ಬರ್ತೀನಿ ಫಾದರ್, ಮಗುಗೆ ಹಾಲು ಕೊಡ್ಬೇಕು" ಎಂದು ಎದ್ದುಹೋದಳು. ಮಗು ಇನ್ನೂ ಹುಟ್ಟಿಲ್ಲ ಎಂದು ಫಾದರ್ ಹಿಂದಿನಿಂದ ಕೂಗಿದರು.

ಸಂಜೆ ರೊಮುವಾಲ್ದ್ ಪಾವಿನ ಸೈಕಲ್ಲನ್ನು ಕುಸ್ತೋದನ ಅಂಗಡಿಯ ಮುಂದೆ ನಿಲ್ಲಿಸಿದ. ಹಿಂದೆಯೇ ಬೆನಿತಾ.

"ಏ ಕುಸ್ತೋದ್, ನೀನಿಲ್ದೆ ನನ್ ಬಾಯಿ ಇದ್ದೂ ಇಲ್ದಂಗಾಗಿದೆ ಕಣೋ" ಎಂದ ರೊಮುವಾಲ್ದ್.

"ಫಾದರ್ ಬೇಡ ಅಂದಿದಾರೆ."

"ಫಾದರ್‌ಗೆ ಹೇಳೋರ್ಯಾರು? ಒಂದು ಜಾಗ ನೋಡ್ಕೊಂಡಿದೀವಿ. ಎಲ್ಲಾ ಸೀನಲ್ಲೂ ಇರತ್ತೆ, ಯಾರೂ ಮುಟ್ಟಂಗಿಲ್ಲ."

"ಎಲ್ಲಿ?"

"ಹುಲ್ಲಲ್ಲಿ" ಎಂದಳು ಬೆನಿತಾ.

ಇಗರ್ಜಿಯ ಗುರುಗಳಿಂದ ಮುಚ್ಚಿಡುವ ಕೆಲಸವನ್ನು ಕುಸ್ತೋದ್ ಹಿಂದೆ ಎಂದೂ ಮಾಡಿರಲಿಲ್ಲ. ಹತ್ತು ನಿಮಿಷ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ ಕೂತ. ಆದರೆ ಅವನಿಗೆ ಒಳಗೊಳಗೇ ಎಷ್ಟು ಸಂತೋಷವಾಗಿತ್ತೆಂದರೆ, ದಾರ ಮೊದಲ ಸಲಕ್ಕೇ ಸೂಜಿಯೊಳಗೆ ಹೋಗಿಬಿಟ್ಟಿತ್ತು.

ಮರುದಿನದಿಂದ ಫಾದರ್ ಬರುವ ಅರ್ಧ ಗಂಟೆ ಮೊದಲೇ ಕುಸ್ತೋದ್ ಹುಲ್ಲಿನ ಹೊರೆಯೊಳಗೆ ಸೇರಿಕೊಳ್ಳತೊಡಗಿದ. ಮಡಿಲಲ್ಲಿ ಮಾತಿನ ಹಾಳೆಗಳು. ಉಸಿರಾಡಲು ಮೂಗಿನ ಹತ್ತಿರ ಒಂದು ಕಿಂಡಿ. ಮೊದಲ ದಿನವೇ ಕೈಗೆ ಏನೋ ತಾಗಿತು: ಕರಿ ಕಾಲುಚೀಲದಲ್ಲಿ ಸುತ್ತಿಟ್ಟ, ಗೇಣುದ್ದದ ಗಟ್ಟಿ ವಸ್ತು. ರೊಮುವಾಲ್ದ್ ಫೆನ್ನಿಯ ಚಿಕ್ಕ ಬಾಟಲಿಯನ್ನು ಫಾದರ್ ಕಣ್ಣು ತಪ್ಪಿಸಿ ಇಲ್ಲಿ ಅಡಗಿಸಿಟ್ಟಿದ್ದಾನೆ ಎಂದು ಅವನಿಗೆ ತಕ್ಷಣ ಅರ್ಥವಾಯಿತು. ಗೆಳೆಯನ ಗುಟ್ಟು, ಯಾರ ಕಾಲಿಗಾದರೂ ತಾಗಿ ಒಡೆದರೆ ಎಂದು ಅದನ್ನು ಎದೆಗೆ ಅವುಚಿಕೊಂಡೇ ಕೂರುತ್ತಿದ್ದ.

ನಟರೆಲ್ಲ ಒಂದೇ ದಿನದಲ್ಲಿ ಹೊಸ ಜನರಾಗಿಬಿಟ್ಟರು. ಮಾತಿನ ಮೇಲೆ ಮಾತು ಸರಾಗವಾಗಿ ಬಂತು. ಫಾದರ್‌ಗೆ ಕಣ್ಣಲ್ಲಿ ನೀರು. ಹಿಂದಿನ ಸಂಜೆ ಎಲ್ಲರೂ ಜಪಸರ ಹೇಳಿ ಬನ್ನಿ ಎಂದು ತಾವು ಆಜ್ಞೆ ಮಾಡಿದ್ದರ ಫಲ ಇದು ಎಂದು ಅವರು ನಂಬಿದರು. ಹುಲ್ಲಿನ ಹೊರೆ ಯಾಕೋ ದಪ್ಪವಾದಂತಿದೆ ಎಂದು ಒಮ್ಮೆ ಹೇಳಿದರು, ಅಷ್ಟೇ. ಮರಿಯಮ್ಮ ಎಮ್ಮೆ ಏರಿ ಗದ್ದೆಯ ಬದುವಿನ ಮೇಲೆ ಹೋಗುವ ದೃಶ್ಯದಲ್ಲಿ ಹೊರೆಯನ್ನು ಕೈಗಾಡಿಯಲ್ಲಿಟ್ಟು ಪಕ್ಕದಲ್ಲೇ ತಳ್ಳಿಕೊಂಡು ಹೋದರು. ಹುಲ್ಲು ಕಂಡ ಎಮ್ಮೆ ಬಾಯಿ ಹಾಕಿ, ಹುಲ್ಲಿನ ಜೊತೆ ಮಾತಿನ ಎರಡು ಹಾಳೆಯನ್ನೂ ತಿಂದಿತು. ಕುಸ್ತೋದನಿಗೆ ಹಾಳೆ ಬೇಕಾಗಿಯೇ ಇರಲಿಲ್ಲ, ಎಲ್ಲರ ಮಾತೂ ಬಾಯಿಗೆ ಬರುತ್ತಿತ್ತು.

ಕೊನೆಯ ದೃಶ್ಯ ಯೇಸು ಹುಟ್ಟುವ ಗೋದಲಿಯದು. ಮಗುವನ್ನು ಹುಲ್ಲಿನ ಮೇಲೆಯೇ, ಕುಸ್ತೋದನ ಮುಖಕ್ಕೆ ಅರ್ಧ ಗೇಣು ದೂರದಲ್ಲಿ ಮಲಗಿಸಿದ್ದರು. ಅದು ಕಿಂಡಿಯೊಳಗೆ ಕೈ ತೂರಿಸಿ ಅವನ ಮೂಗು ಹಿಡಿದುಕೊಂಡಿತು. ಚಿತ್ರೀಕರಣ ಮುಗಿಯುವವರೆಗೂ ಬಿಡಲಿಲ್ಲ.

ಡಿಸೆಂಬರ್ ಇಪ್ಪತ್ಮೂರರ ಮಧ್ಯಾಹ್ನ ಫಾದರ್ ಎವರಿಸ್ತ್ ದರ್ಜಿ ಅಂಗಡಿಗೆ ಬಂದರು. ಮುಖ ಬಾಡಿತ್ತು. ಕೈಯಲ್ಲಿ ಕರಿ ಕಾಲುಚೀಲ.

"ಇದೇನು ಗೊತ್ತಾ ಕುಸ್ತೋದ್ ಬಾಬ್?"

ಗೆಳೆಯನನ್ನು ಹಿಡಿದುಕೊಡಲು ಕುಸ್ತೋದನಿಗೆ ಮನಸ್ಸಾಗಲಿಲ್ಲ. "ಹಬ್ಬದ ದಿನ ಅಲ್ವಾ ಫಾದರ್, ಒಂಚೂರು ಕುಡೀತಾರೆ ಜನ" ಎಂದ.

ಫಾದರ್ ಕಾಲುಚೀಲ ಬಿಚ್ಚಿದರು. ಒಳಗಿದ್ದದ್ದು ದನಿ ಹಿಡಿಯುವ ಯಂತ್ರ. ಕ್ಯಾಮೆರಾದ ಮೈಕ್ ಕೆಟ್ಟಿದ್ದರಿಂದ ಇದನ್ನು ತಂದು, ಗಾಳಿಯ ಸದ್ದು ಬೀಳದಿರಲೆಂದು ತಮ್ಮ ಕಾಲುಚೀಲ ಸುತ್ತಿ, ದಿನವೂ ಬೆಳಗಿನ ಪೂಜೆಗೆ ಮೊದಲೇ ಚಾಲೂ ಮಾಡಿ, ಯಾರಿಗೂ ಹೇಳದೆ ಹುಲ್ಲಿನಲ್ಲಿ ಇಡುತ್ತಿದ್ದರು. ಎಲ್ಲಿದೆ ಎಂದು ಗೊತ್ತಾದರೆ ನಟರು ಅದರ ಕಡೆಗೇ ನೋಡುತ್ತಾರೆ, ಗುಟ್ಟಾಗಿಡಿ ಎಂದು ಆ ವಿಡಿಯೊದಲ್ಲಿ ಹೇಳಿತ್ತು. ಅವರು ಗುಂಡಿ ಒತ್ತಿದರು. ಯಂತ್ರದಿಂದ ಕುಸ್ತೋದ್ ಮಾತಾಡಿದ. ಮರಿಯಮ್ಮನೂ ಅವನೇ, ಹೆರೋದನೂ ಅವನೇ, ದೇವದೂತನೂ ಅವನೇ. ಉಳಿದವರ ದನಿ ಎಲ್ಲೋ ಬಾವಿಯ ತಳದಲ್ಲಿ ಗೊಣಗುಟ್ಟುತ್ತಿತ್ತು.

ಕುಸ್ತೋದ್ ಕತ್ತರಿ ಕೆಳಗಿಟ್ಟ. ಹತ್ತೊಂಬತ್ತರ ವಯಸ್ಸಿನಲ್ಲಿ ತಂತಿ ಹಿಡಿದು ನಿಂತಾಗ ಒಬ್ಬನ ಮಾತು ಕೆಟ್ಟಿತ್ತು. ಈಗ ಊರಿಗೆ ಊರಿನ ಮಾತನ್ನೇ ಕೆಡಿಸಿದ್ದ. ಅವನಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

"ತಪ್ಪಾಯ್ತು ಫಾದರ್. ಇನ್ಮೇಲೆ ಈ ಬಾಯಿ ತೆಗಿಯಲ್ಲ."

"ತಪ್ಪು ನಂದೂ ಇದೆ" ಎಂದರು ಫಾದರ್. "ನಾಡಿದ್ದು ಪ್ರದರ್ಶನ. ಪಕ್ಕದ ವಾಡೊ, ಆ ಇಡೀ ಕೇರಿಯವರನ್ನೂ ಕರೆದಾಗಿದೆ. ಮತ್ತೆ ತೆಗೆಯೋಕೆ ಟೈಮಿಲ್ಲ."

"ಆವಾಜ್ ಪೂರ್ತಿ ಬಂದ್ ಮಾಡಿಬಿಡಿ. ಹಾಡೋ ಗುಂಪಿದೆಯಲ್ಲ, ಅವರು ಹಾಡ್ತಾ ಇರ್ಲಿ. ಗೊತ್ತೇ ಆಗಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲು ಬೇಡ, ಕಾಲುಚೀಲಾನೇ ಸಾಕಾಗಿದೆ" ಎಂದು ಫಾದರ್ ಒಪ್ಪಿದರು. ಇಬ್ಬರಲ್ಲೇ ಇರಲಿ ಎಂದು ಮಾತಾಯಿತು.

ಕ್ರಿಸ್‌ಮಸ್ ಸಂಜೆ ಇಗರ್ಜಿಯ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿದರು. ಅದಕ್ಕೆ ಅಂಚು ಹೊಲಿದು ಕೊಟ್ಟವನೂ ಕುಸ್ತೋದನೇ. ಅವನು ಕಟ್ಟಕಡೆಯ ಸಾಲಿನಲ್ಲಿ, ಗೇಟಿನ ಪಕ್ಕ, ಓಡಿಹೋಗಲು ಅನುಕೂಲವಾಗುವ ಹಾಗೆ ಕೂತ. ಪಿಯೆದಾದ್ ಮೂರನೆಯ ಸಾಲಿನಲ್ಲಿ, ತನ್ನ ಕಡೆಯ ನೆಂಟರ ಜೊತೆ. ಮೊದಲ ಸಾಲಿನ ನಡುವೆ ರೊಮುವಾಲ್ದ್, ಕೋಟು ಹಾಕಿಕೊಂಡು, ಎದ್ದು ನಿಂತು ವಂದಿಸಲು ತಯಾರಾಗಿ.

ಸಿನಿಮಾ ಶುರುವಾಯಿತು. ಹಾಡೂ ಶುರುವಾಯಿತು. ದೇವದೂತ ಬಂದ, ಹೋದ. ಎಮ್ಮೆ ಬಂತು, ಜನ ಅದರ ಹೆಸರು ಹಿಡಿದು ಕೂಗಿದರು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ತೊಂದರೆ ಏನೆಂದರೆ, ಸಿನಿಮಾ ಐವತ್ತು ನಿಮಿಷದ್ದು, ಹಾಡುವವರಿಗೆ ಬರುತ್ತಿದ್ದದ್ದು ಏಳು ಹಾಡು. ಏಳನ್ನೂ ಮುಗಿಸಿ ಮತ್ತೆ ಮೊದಲಿಂದ ಎತ್ತಿಕೊಂಡರು. ಹೆರೋದ ಸಿಂಹಾಸನದಿಂದ ಎದ್ದು ಕತ್ತಿ ಝಳಪಿಸುವ ಹೊತ್ತಿಗೆ ಸರಿಯಾಗಿ ಜೋಗುಳದ ಸರದಿ ಬಂತು. ಹೆರೋದ ಬಾಯಿ ತೆರೆದು ಅಬ್ಬರಿಸುತ್ತಿದ್ದಾನೆ, ಹೆಂಗಸರು ಲಾಲಿ ಹಾಡುತ್ತಿದ್ದಾರೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ರೊಮುವಾಲ್ದ್ ತಡೆದುಕೊಳ್ಳುವಷ್ಟು ತಡೆದುಕೊಂಡ. ಜೀವಮಾನದ ಅತಿ ದೊಡ್ಡ ಮಾತು, ಅದಕ್ಕೆ ಆವಾಜಿಲ್ಲ. "ಹಾಡು ನಿಲ್ಸಿ. ಏನಿದು, ಮೂಗರ ರಾಜ್ಯಾನಾ?" ಎಂದು ಎದ್ದು, ಫಾದರ್ ಕೈ ಹಿಡಿಯುವಷ್ಟರಲ್ಲಿ ಸೌಂಡ್ ಬಾಕ್ಸಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ.

"ಆ ಮಗುವನ್ನು ಹುಡುಕಿ ತನ್ನಿ" ಎಂದಿತು ಇಡೀ ಅಂಗಳಕ್ಕೆ ಕೇಳುವ ಪಿಸುಮಾತು. ಅದಾದ ಮೇಲೆ ಹೆರೋದನ ತುಟಿ ಅಲುಗಿತು. "ಕಣ್ಣು ದೊಡ್ಡದು ಮಾಡು. ಅಷ್ಟು ದೊಡ್ಡದಲ್ಲ. ನಾನೇ ಇಲ್ಲಿಯ ರಾಜ. ಕೈ ಇಳಿಸು, ಕಂಕುಳ ಹೊಲಿಗೆ ಬಿಟ್ಟಿದೆ. ಚಪ್ಪಾಳೆಗೆ ಕಾಯಬೇಡ ಕತ್ತೆ, ಇದು ಸಿನಿಮಾ."

ಆಮೇಲೆ ಎದ್ದ ನಗುವಿಗೆ ಇಗರ್ಜಿಯ ಗೋಡೆಯ ಪಾರಿವಾಳಗಳೆಲ್ಲ ಹಾರಿದವು. ವನ್ಸ್ ಮೋರ್ ಎಂದು ಆಂಬೆಭಾಟಿನವರು ಕೂಗಿದರು, ಪಕ್ಕದ ವಾಡೊದವರು ಅದಕ್ಕಿಂತ ಜೋರಾಗಿ ಕೂಗಿದರು. ಫಾದರ್ ಎವರಿಸ್ತ್ ಹಣೆ ಚಚ್ಚಿಕೊಳ್ಳುತ್ತಲೇ ಹಿಂದಕ್ಕೋಡಿಸಿ, ಬೇರೆ ದಾರಿ ಕಾಣದೆ, ಮೊದಲಿಂದಲೇ ಹಾಕಿದರು. ದೇವದೂತ, "ಹೆದರಬೇಡ ಮರಿಯಾ, ರೆಕ್ಕೆ ಜಾರ್ತಿದೆ ನೋಡ್ಕೋ" ಎಂದ. ಮರಿಯಮ್ಮ ಬದುವಿನ ಮೇಲೆ, "ಜೋಸೆಫ್, ನನಗೆ ಆಯಾಸವಾಗುತ್ತಿದೆ, ಹೊಟ್ಟೆ ಹಿಡ್ಕೋ, ಏ ಎಮ್ಮೆ, ಹಾಳೆ ಬಿಡು ತಾಯಿ" ಎಂದಳು. ರೊಮುವಾಲ್ದ್ ಎದ್ದು ನಿಂತು ನಾಲ್ಕೂ ದಿಕ್ಕಿಗೆ ವಂದಿಸಿದ, ಕತ್ತೆ ಎಂದದ್ದು ತನಗಲ್ಲವೆನ್ನುವ ಹಾಗೆ.

ಕುಸ್ತೋದ್ ಗೇಟಿನ ಚಿಲಕಕ್ಕೆ ಕೈ ಹಾಕಿದ್ದ. ಆದರೆ ಗೋದಲಿಯ ದೃಶ್ಯ ಬಂದಿತ್ತು, ಕಾಲು ಮುಂದೆ ಹೋಗಲಿಲ್ಲ.

ಬಟ್ಟೆಯ ಮೇಲೆ ಬೆನಿತಾ ಮಾತಿಲ್ಲದೆ ಕೈ ಮುಗಿದಿದ್ದಳು. ಜೋಸೆಫ್ ತಲೆ ತಗ್ಗಿಸಿದ್ದ. ಹುಲ್ಲಿನ ಮೇಲಿನ ಮಗು ಬಾಯಿ ಸೊಟ್ಟ ಮಾಡಿ ಅಳಲು ಶುರುಮಾಡಿತು. ಆಗ ಆ ದನಿ ಬಂತು, ಮೊದಲಿಗಿಂತ ಮೆಲ್ಲಗೆ, ಮೂಗು ಮುಚ್ಚಿಕೊಂಡಂತೆ.

"ಸುಮ್ನಿರು ನನ್ನ ರಾಜಾ. ಇಲ್ಲೇ ಇದೀನಿ. ಇನ್ನೊಂದೇ ಸೀನು, ಆಮೇಲೆ ಹಾಲು."

ಮಗು ಅಳು ನಿಲ್ಲಿಸಿ ಹುಲ್ಲಿನ ಕಡೆ ನೋಡಿ ನಕ್ಕಿತು. ಸಿನಿಮಾ ಮುಗಿಯಿತು. ಈ ಸಲ ಯಾರೂ ನಗಲಿಲ್ಲ, ಕೂಗಲೂ ಇಲ್ಲ. ಹೆಂಗಸರು ಮೂಗೊರೆಸಿಕೊಳ್ಳುವ ಸದ್ದು ಮಾತ್ರ. ಕಡೆಗೆ ಎಂಬತ್ತು ದಾಟಿದ ಮುದುಕಿಯೊಬ್ಬಳು ಕುರ್ಚಿಯಿಂದಲೇ ಕೇಳಿದಳು.

"ಫಾದರ್, ದೇವರ ಪಾರ್ಟು ಮಾಡಿದ್ದು ಯಾರು?"

ಫಾದರ್ ಎವರಿಸ್ತ್ ಮೈಕ್ ಕೈಗೆತ್ತಿಕೊಂಡರು. "ನಮ್ಮ ಪ್ರಾಂಪ್ಟರ್, ಕುಸ್ತೋದ್ ಬಾಬ್" ಎಂದರು. "ಪಟ್ಟಿಲಿ ಬಿಟ್ಟುಹೋಗಿತ್ತು. ನನ್ನ ತಪ್ಪು."

ಜನ ತಿರುಗಿ ನೋಡಿದರು. ಗೇಟಿನ ಹತ್ತಿರದವರು ಅವನನ್ನು ಹಿಡಿದು ಮುಂದಕ್ಕೆ ತಳ್ಳಿದರು, ಮುಂದಿನವರು ಎಳೆದುಕೊಂಡರು, ಕೊನೆಗೆ ರೊಮುವಾಲ್ದ್ ರಟ್ಟೆ ಹಿಡಿದು ಇಗರ್ಜಿಯ ಮೆಟ್ಟಿಲು ಹತ್ತಿಸಿದ. ಫಾದರ್ ಮೈಕನ್ನು ಅವನ ಕೈಗೆ ಕೊಟ್ಟರು.

ಮುಂದೆ ಊರೆಲ್ಲ ಕೂತಿತ್ತು. ಕೈಯಲ್ಲಿ ಮೈಕಿತ್ತು. ಬಾಯಲ್ಲಿ ಏನೂ ಇರಲಿಲ್ಲ. ಎಲ್ಲರ ಮಾತೂ ಬರುತ್ತಿದ್ದವನಿಗೆ ತನ್ನದು ಎನ್ನುವ ಒಂದು ಮಾತೂ ಬರಲಿಲ್ಲ. ಇನ್ನೇನು ನಗುತ್ತಾರೆ, ಸೀಟಿ ಹೊಡೆಯುತ್ತಾರೆ, ಪಾಪ ಎನ್ನುತ್ತಾರೆ. ಅವನಿಗೆ ಗೊತ್ತಿಲ್ಲದೆಯೇ ಎಡಗಿವಿ ಸ್ವಲ್ಪ ಮುಂದಕ್ಕೆ ಚಾಚಿತು.

"ಎಲ್ಲರಿಗೂ ದೇವ್ ಬರೆಂ ಕರುಂ" ಎಂದು ಕೊಂಕಣಿಯಲ್ಲಿ ಧನ್ಯವಾದ ಹೇಳಿತು ಒಂದು ಪಿಸುದನಿ.

ಮೂರನೆಯ ಸಾಲಿನಿಂದ. ಪಿಯೆದಾದ್ ತುಟಿ ಅಲುಗಿಸದೆ, ಮಡಿಲಿನ ಚೀಲವನ್ನೇ ನೋಡುತ್ತ ಕೂತಿದ್ದಳು.

"ಎಲ್ಲರಿಗೂ ದೇವ್ ಬರೆಂ ಕರುಂ" ಎಂದ ಕುಸ್ತೋದ್. ಅಂಚೆಯವನ ಪಾತ್ರವಾಗಿ ನಲವತ್ತೆರಡು ವರ್ಷಕ್ಕೆ ಆಂಬೆಭಾಟ್ ಮೊದಲ ಸಲ ಅವನ ಪೂರ್ತಿ ದನಿ ಕೇಳಿತು. ದೊಡ್ಡದಾಗಿಯೇ ಇತ್ತು.

"ಹಬ್ಬ ಎಲ್ಲರಿಗೂ ಒಳ್ಳೇದು ಮಾಡ್ಲಿ."

"ಹಬ್ಬ ಎಲ್ಲರಿಗೂ ಒಳ್ಳೇದು ಮಾಡ್ಲಿ."

"ಶರ್ಟಿನ ಗುಂಡಿ ಹಾಕ್ಕೋ."

"ಶರ್ಟಿನ ಗುಂಡಿ ಹಾಕ್ಕೋ" ಎಂದು ಕುಸ್ತೋದ್ ಊರಿಗೆಲ್ಲ ಸಾರಿದ.

"ಊಟಕ್ಕೆ ಮಾಡಿಟ್ಟ ಸೊರ್ಪೊತೆಲ್ ಆರ್ತಿದೆ, ಇನ್ನು ಇಳಿದು ಬಾ ನನ್ನ ರಾಜಾ."

ಅದನ್ನೂ ಅವನು ಒಂದಕ್ಷರ ಬಿಡದೆ ಹೇಳಿದ. ಅಂಗಳದ ತುಂಬ ವನ್ಸ್ ಮೋರ್ ಎದ್ದಿತು. ಕುಸ್ತೋದ್ ಮೂರನೆಯ ಸಾಲಿನ ಕಡೆ ನೋಡಿದ. ಪಿಯೆದಾದ್ ಮೊದಲಿಂದ ಎತ್ತಿಕೊಟ್ಟಳು.